ಮನೆಯ ಕ್ಯಾಲೆಂಡರಿಗೊಂದು ಸ್ವಂತ ಸರ್ವರ್

ಫೋನಿನಲ್ಲಿರುವ ಫೋಟೊ, ಸಂದೇಶ, ಬ್ಯಾಂಕಿನ ಲೆಕ್ಕ ಇವೆಲ್ಲ ಆಗಿಹೋದದ್ದರ ದಾಖಲೆ. ಮುಂದೆ ಆಗಲಿರುವುದನ್ನು ಬರೆದಿರುವುದು ಕ್ಯಾಲೆಂಡರಿನಲ್ಲಿ. ಅಮ್ಮನ ಸ್ಕ್ಯಾನಿಂಗ್ ಯಾವತ್ತು, ಜಮೀನಿನ ಕೇಸು ಯಾವ ತಾರೀಖಿಗೆ, ಹುಡುಗಿ ನೋಡಲು ಯಾರು ಎಷ್ಟು ಗಂಟೆಗೆ ಬರುತ್ತಾರೆ, ಮನೆಗೆ ಬೀಗ ಹಾಕಿ ಊರಿಗೆ ಹೋಗುವುದು ಯಾವ ವಾರ ಎಂಬುದೆಲ್ಲ ಅಲ್ಲಿ ಗಂಟೆ ನಿಮಿಷಗಳ ಸಮೇತ ಕೂತಿರುತ್ತದೆ. ಇಷ್ಟು ಒಳಮನೆಯ ಸಂಗತಿಯನ್ನು ಬಹುಪಾಲು ಜನ ಫೋನಿನ ಜತೆ ಬಂದ ಉಚಿತ ಖಾತೆಗೆ ಒಪ್ಪಿಸಿಬಿಟ್ಟಿದ್ದೇವೆ. ಬೇರೆ ದಾರಿಯೂ ಇದೆ. ಒಂದು ಕುಟುಂಬ, ಒಂದು ಭಜನಾ ಮಂಡಳಿ, ಒಬ್ಬ ವಕೀಲರ ಕಚೇರಿ ತಮ್ಮ ಕ್ಯಾಲೆಂಡರನ್ನು ತಮ್ಮದೇ ಸರ್ವರಿನಲ್ಲಿ ಇಟ್ಟು ನಡೆಸಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳು ಉಚಿತ, ಮುಕ್ತ, ಮತ್ತು ವರ್ಷಗಳ ಬಳಕೆಯಲ್ಲಿ ಪಳಗಿದವು. ಆದರೆ ಹಾಕುವುದು ಒಂದು ಸಂಜೆಯ ಕೆಲಸ, ನಡೆಸುವುದು ವರ್ಷಗಟ್ಟಲೆ ಕೆಲಸ. ಹಾಗಾಗಿ ಆದಷ್ಟು ಚಿಕ್ಕದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ವಾದ.

ಉಚಿತ ಖಾತೆಯ ತೊಂದರೆ ಗೋಪ್ಯತೆಯದ್ದಷ್ಟೇ ಅಲ್ಲ. 2013ರ ಮಾರ್ಚಿನಲ್ಲಿ ಗೂಗಲ್ ತನ್ನ ರೀಡರ್ ಸೇವೆಯನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಎಲ್ಲರ ಗಮನ ಅದರ ಮೇಲಿತ್ತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು. ಬೇರೆ ಕಂಪನಿಗಳ ಆ್ಯಪ್‌ಗಳು ಗೂಗಲ್ ಕ್ಯಾಲೆಂಡರಿನ ಜತೆ ಮಾತಾಡಲು ಬಳಸುತ್ತಿದ್ದ ಕ್ಯಾಲ್‌ಡಾವ್ ಎಂಬ ಮುಕ್ತ ದಾರಿಯನ್ನು, ಇನ್ನು ಮುಂದೆ ತಾನು ಒಪ್ಪಿದವರಿಗೆ ಮಾತ್ರ ತೆರೆಯುವುದಾಗಿ ಅದು ಹೇಳಿತ್ತು. ಆಕ್ಷೇಪಗಳು ಬಂದವು, ಜೂನ್ ಹೊತ್ತಿಗೆ ನಿರ್ಧಾರ ಬದಲಾಯಿತು, ದಾರಿ ತೆರೆದೇ ಉಳಿಯಿತು. ಸನ್‌ರೈಸ್ ಎಂಬ ಚೆಂದದ ಕ್ಯಾಲೆಂಡರ್ ಆ್ಯಪ್‌ಗೆ ಆ ಅದೃಷ್ಟ ಇರಲಿಲ್ಲ. ಮೈಕ್ರೋಸಾಫ್ಟ್ ಅದನ್ನು 2015ರಲ್ಲಿ ಕೊಂಡಿತು, 2016ರಲ್ಲಿ ನಿಲ್ಲಿಸಿತು. ಎರಡೂ ಸಲ ಬಳಸುತ್ತಿದ್ದವರಿಗೆ ತೀರ್ಮಾನದಲ್ಲಿ ಪಾಲಿರಲಿಲ್ಲ.

ಹಾಗಿದ್ದೂ ಕ್ಯಾಲೆಂಡರನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡಲು ಸಾಧ್ಯವಾಗಿರುವುದು ಕೆಲವು ಎಂಜಿನಿಯರುಗಳ ದೂರದೃಷ್ಟಿಯಿಂದ. 1998ರ ನವೆಂಬರಿನಲ್ಲಿ ಲೋಟಸ್ ಕಂಪನಿಯ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್ ಸೇರಿ ಐಕ್ಯಾಲೆಂಡರ್ ಎಂಬ ಮಾನಕವನ್ನು ಬರೆದರು. ಮಾರುಕಟ್ಟೆಯಲ್ಲಿ ಎದುರಾಳಿಗಳಾಗಿದ್ದ ಎರಡು ಕಂಪನಿಗಳ ನೌಕರರು ಒಂದೇ ದಾಖಲೆಗೆ ಹೆಸರು ಹಾಕಿದ್ದು ನನಗೆ ಇವತ್ತಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. 2009ರಲ್ಲಿ ಅದು ಆರ್‌ಎಫ್‌ಸಿ 5545 ಎಂಬ ಪರಿಷ್ಕೃತ ರೂಪ ಪಡೆಯಿತು. ಒಂದು ಕಾರ್ಯಕ್ರಮವನ್ನು ಹೇಗೆ ಬರೆದಿಡಬೇಕು ಎಂಬುದನ್ನು ಐಕ್ಯಾಲೆಂಡರ್ ಹೇಳಿದರೆ, ಅದನ್ನು ಸರ್ವರಿಗೂ ಫೋನಿಗೂ ನಡುವೆ ಹೇಗೆ ಸಾಗಿಸಬೇಕು ಎಂಬುದನ್ನು 2007ರ ಕ್ಯಾಲ್‌ಡಾವ್ ಹೇಳುತ್ತದೆ. ನಾವು ಸ್ವಂತ ಸರ್ವರ್ ಇಡಬಹುದಾದದ್ದು ಈ ಎರಡರ ಬಲದಿಂದ.

ಐಕ್ಯಾಲೆಂಡರ್ ರೂಪದಲ್ಲಿ ಬರೆದಿಟ್ಟ ಐಸಿಎಸ್ ಫೈಲೊಂದನ್ನು ಯಾವುದಾದರೂ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ. ಒಳಗೆ ಗೂಢವೇನೂ ಇಲ್ಲ. ಕಾರ್ಯಕ್ರಮ ಶುರು, ಅದರ ಗುರುತಿನ ಸಂಖ್ಯೆ, ಆರಂಭದ ಸಮಯ, ಮುಗಿಯುವ ಸಮಯ, ಶೀರ್ಷಿಕೆ, ಸ್ಥಳ, ಕಾರ್ಯಕ್ರಮ ಮುಕ್ತಾಯ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಯಾವ ತಂತ್ರಾಂಶವೂ ಉಳಿಯದಿದ್ದರೂ ಮನುಷ್ಯರ ಕಣ್ಣಿಗೆ ಅದು ಓದಲು ಸಿಗುತ್ತದೆ. ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದ ಒಂದು ಒಳವಿಷಯ ಇಲ್ಲಿದೆ. ಒಂದು ಸಾಲು 75 ಬೈಟ್ ಮೀರಬಾರದು, ಮೀರಿದರೆ ಮುರಿದು ಮುಂದಿನ ಸಾಲಿಗೆ ಒಯ್ಯಬೇಕು ಎನ್ನುತ್ತದೆ ಮಾನಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೂ ಗುಣಿತಕ್ಕೂ ಒತ್ತಿಗೆ ಬೇಕಾದ ಹಲಂತಕ್ಕೂ ಬೇರೆಬೇರೆಯಾಗಿ ಮೂರು ಮೂರು ಬೈಟ್ ಹಿಡಿಯುತ್ತದೆ. ‘ಶ್ರಾದ್ಧ’ ಎಂಬ ಎರಡಕ್ಷರದ ಪದಕ್ಕೇ 21 ಬೈಟ್. ಹಾಗಾಗಿ ಕನ್ನಡದ ಶೀರ್ಷಿಕೆ ಬಲುಬೇಗ ಸಾಲು ಮುರಿಯುತ್ತದೆ. ಅಜಾಗರೂಕವಾಗಿ ಬರೆದ ಆ್ಯಪ್ ಅಕ್ಷರದ ಮೂರು ಬೈಟುಗಳ ಮಧ್ಯಕ್ಕೇ ಕತ್ತರಿ ಹಾಕುವುದೂ ಉಂಟು. ಓದುವ ಕಡೆಯವರು ಬೈಟುಗಳನ್ನು ಮೊದಲು ಜೋಡಿಸಿ ಆಮೇಲೆ ಅಕ್ಷರ ಮಾಡಿಕೊಳ್ಳಬೇಕು ಎಂದು ಮಾನಕವೇ ಎಚ್ಚರಿಸಿದೆ. ಹೊಸ ಆ್ಯಪ್ ಒಂದನ್ನು ಒಪ್ಪಿಕೊಳ್ಳುವ ಮುಂಚೆ ಉದ್ದನೆಯ ಕನ್ನಡ ಶೀರ್ಷಿಕೆಯೊಂದನ್ನು ಬರೆದು, ಇನ್ನೊಂದು ಫೋನಿನಲ್ಲಿ ಸರಿಯಾಗಿ ಬಂತೇ ಎಂದು ನೋಡುವುದು ಒಳ್ಳೆಯದು.

ಒಂದೇ ಕ್ಯಾಲೆಂಡರನ್ನು ಮನೆಮಂದಿಯೆಲ್ಲ ತಿದ್ದಿದರೆ ಒಬ್ಬರದ್ದು ಇನ್ನೊಬ್ಬರ ಬರಹವನ್ನು ಅಳಿಸುವುದಿಲ್ಲವೇ? ಕ್ಯಾಲ್‌ಡಾವ್ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಫೋನು ಒಂದು ಕಾರ್ಯಕ್ರಮವನ್ನು ಪಡೆದುಕೊಂಡಾಗ ಸರ್ವರ್ ಅದರ ಜತೆಗೆ ಈಟ್ಯಾಗ್ ಎಂಬ ಸಣ್ಣ ಗುರುತನ್ನೂ ಕೊಡುತ್ತದೆ. ವಿಷಯ ಬದಲಾದರೆ ಗುರುತೂ ಬದಲಾಗುತ್ತದೆ. ಗಂಡ ಮನೆಯಲ್ಲಿ ಕೂತು ಹಲ್ಲಿನ ಡಾಕ್ಟರ ಭೇಟಿಯನ್ನು 4 ಗಂಟೆಯಿಂದ 5ಕ್ಕೆ ಸರಿಸಿದ ಎನ್ನಿ. ಅದು ತಿಳಿಯದ ಹೆಂಡತಿ ಬಸ್ಸಿನಲ್ಲಿ ಅದೇ ಭೇಟಿಯ ವಿಳಾಸ ತಿದ್ದುತ್ತಾಳೆ. ಅವಳ ಫೋನು ಸರ್ವರಿಗೆ ‘ನನ್ನ ಬಳಿ ಇರುವ ಗುರುತು ಇದು, ಇದೇ ಇನ್ನೂ ಚಾಲ್ತಿಯಲ್ಲಿದ್ದರೆ ಮಾತ್ರ ಬರೆದುಕೋ’ ಎನ್ನುತ್ತದೆ. ಗುರುತು ಹಳೆಯದಾಗಿರುವುದರಿಂದ ಸರ್ವರ್ 412 ಎಂಬ ಸಂಕೇತ ಕಳಿಸಿ ನಿರಾಕರಿಸುತ್ತದೆ. ಫೋನು ಹೊಸ ಪ್ರತಿ ತರಿಸಿಕೊಂಡ ಮೇಲೆಯೇ ಮುಂದಿನ ಮಾತು. ಸರ್ವರ್ ಕೆಟ್ಟು ನಿಂತರೂ ಭಯವಿಲ್ಲ. ಪ್ರತಿ ಫೋನಿನಲ್ಲೂ ಕ್ಯಾಲೆಂಡರಿನ ಸ್ಥಳೀಯ ಪ್ರತಿ ಇರುತ್ತದೆ, ರಿಮೈಂಡರ್‌ಗಳು ಅಲ್ಲಿಂದಲೇ ಬರುತ್ತವೆ, ಸರ್ವರ್ ಎದ್ದ ಮೇಲೆ ಲೆಕ್ಕ ಸರಿಹೋಗುತ್ತದೆ. ಸ್ವಂತ ಸರ್ವರ್ ಎಂದರೆ ಹಗಲುರಾತ್ರಿ ಕಾಯಬೇಕಾದ ಹೊಣೆ ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೇಲ್ ಸರ್ವರ್ ನಡೆಸುವುದು ನಿಜಕ್ಕೂ ಕಷ್ಟ, ಕ್ಯಾಲೆಂಡರ್ ಹಾಗಲ್ಲ.

ಆಯ್ಕೆಗೆ ಬರೋಣ. ಬ್ರೌಸರಿನಲ್ಲಿ ತಿಂಗಳ ಪುಟ ತೆರೆದು ಬೆರಳಲ್ಲಿ ಎಳೆದು ತಿದ್ದಬೇಕು, ಜತೆಗೆ ಫೈಲು, ಫೋಟೊ, ಸಂಪರ್ಕ ಸಂಖ್ಯೆಗಳೂ ಒಂದೇ ಕಡೆ ಇರಬೇಕು ಎನ್ನುವವರಿಗೆ ನೆಕ್ಸ್ಟ್‌ಕ್ಲೌಡ್ ಇದೆ. ಫ್ರಾಂಕ್ ಕಾರ್ಲಿಟ್‌ಶೆಕ್ ತಾವೇ ಕಟ್ಟಿದ ಓನ್‌ಕ್ಲೌಡ್‌ನಿಂದ ಹೊರಬಂದು 2016ರಲ್ಲಿ ಶುರುಮಾಡಿದ ಜರ್ಮನಿಯ ಯೋಜನೆ ಅದು. ಚೆನ್ನಾಗಿದೆ. ಆದರೆ ಪಿಎಚ್‌ಪಿ, ಡೇಟಾಬೇಸ್, ಹಿನ್ನೆಲೆಯಲ್ಲಿ ನಿಯಮಿತವಾಗಿ ಓಡುವ ಕೆಲಸಗಳು ಎಂದು ಅದರ ಸಂಸಾರ ದೊಡ್ಡದು. ಒಂದೊಂದು ಮುಖ್ಯ ಆವೃತ್ತಿಗೆ ಸುಮಾರು ಒಂದು ವರ್ಷದ ಬೆಂಬಲ. ನಡುವಿನ ಆವೃತ್ತಿಗಳನ್ನು ಹಾರಿ ನೇರ ಹೊಸದಕ್ಕೆ ಹೋಗುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಎರಡು ವರ್ಷ ಕೈಬಿಟ್ಟವರಿಗೆ ಇದು ದಿನಗಟ್ಟಲೆ ಕೆಲಸ. ಕ್ಯಾಲೆಂಡರ್ ಒಂದೇ ಬೇಕಾದವರು ಇಷ್ಟನ್ನು ಹೊರಬೇಕಿಲ್ಲ. ಬೈಕಲ್ ಎಂಬುದು ಮಧ್ಯಮ ಗಾತ್ರದ್ದು, ಪಿಎಚ್‌ಪಿ ಓಡುವ ಯಾವ ಸಾಮಾನ್ಯ ವೆಬ್ ಹೋಸ್ಟಿಂಗ್‌ನಲ್ಲೂ ನಡೆಯುತ್ತದೆ. ನನ್ನ ಮತ ಇನ್ನೂ ಚಿಕ್ಕದಾದ ರಾಡಿಕೇಲ್‌ಗೆ.

ರಾಡಿಕೇಲ್ ಪೈಥಾನ್ ಭಾಷೆಯಲ್ಲಿ ಬರೆದದ್ದು. ಫ್ರಾನ್ಸಿನ ಗಿಯೋಮ್ ಅಯೂಬ್ ಇದನ್ನು ಶುರುಮಾಡಿದರು, ಈಗ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದಾರೆ. ಅದಕ್ಕೆ ಡೇಟಾಬೇಸ್ ಇಲ್ಲ. ಒಂದು ಕ್ಯಾಲೆಂಡರ್ ಅಂದರೆ ಒಂದು ಫೋಲ್ಡರ್, ಒಂದು ಕಾರ್ಯಕ್ರಮ ಅಂದರೆ ಆ ಫೋಲ್ಡರಿನಲ್ಲಿ ಒಂದು ಐಸಿಎಸ್ ಫೈಲ್. ಇಷ್ಟೇ. ಬ್ಯಾಕಪ್ ಎಂದರೆ ಫೋಲ್ಡರ್ ನಕಲು ಮಾಡುವುದು, ಸರ್ವರ್ ಬದಲಿಸುವುದೆಂದರೆ ಫೋಲ್ಡರನ್ನು ಹೊಸ ಜಾಗಕ್ಕೆ ಒಯ್ಯುವುದು. ಅದರ ಕೊರತೆಯನ್ನೂ ಹೇಳಿಬಿಡಬೇಕು. ಅದರ ವೆಬ್ ಪುಟದಲ್ಲಿ ಕ್ಯಾಲೆಂಡರುಗಳನ್ನು ಸೃಷ್ಟಿಸಬಹುದು, ಅಳಿಸಬಹುದು, ಹಳೆಯ ಐಸಿಎಸ್ ಫೈಲನ್ನು ಏರಿಸಬಹುದು. ತಿಂಗಳ ಪುಟ ಮಾತ್ರ ಅಲ್ಲಿಲ್ಲ. ಬ್ರೌಸರಿನಲ್ಲೇ ನೋಡಬೇಕೆಂದರೆ ಇನ್‌ಫ್‌ಕ್ಲೌಡ್, ಅಜೆನ್‌ಡಾವ್ ತರಹದ್ದನ್ನು ಮೇಲೆ ಸೇರಿಸಬೇಕು. ನೋಡುವ ಕೆಲಸ ಫೋನಿಗೆ ಮತ್ತು ಕಂಪ್ಯೂಟರಿನಲ್ಲಿ ಓಡುವ ಥಂಡರ್‌ಬರ್ಡ್‌ಗೆ ಬಿಟ್ಟು, ಇಟ್ಟುಕೊಳ್ಳುವ ಕೆಲಸವನ್ನಷ್ಟೇ ಸರ್ವರಿಗೆ ಕೊಡುವುದು ನನಗೆ ಸರಿ ಎನಿಸುತ್ತದೆ.

ಸರ್ವರ್ ಎಲ್ಲಿಡಬೇಕು? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದನ್ನು ಮನೆಯ ರೌಟರಿಗೆ ಸಿಕ್ಕಿಸಿ ನಡೆಸುವ ಆಸೆ ಹಲವರಿಗೆ. ನಮ್ಮ ಮನೆಗಳ ಇಂಟರ್ನೆಟ್ಟಿನಲ್ಲಿ ಒಂದು ತೊಡಕಿದೆ. ಸೇವೆ ಕೊಡುವವರು ಎಷ್ಟೋ ಮನೆಗಳಿಗೆ ಒಂದೇ ಐಪಿ ವಿಳಾಸವನ್ನು ಹಂಚಿರುತ್ತಾರೆ, ಹಾಗಾಗಿ ಹೊರಗಿನಿಂದ ನಿಮ್ಮ ಮನೆಯ ಸರ್ವರಿಗೆ ನೇರ ದಾರಿ ಇರುವುದಿಲ್ಲ. ವೈರ್‌ಗಾರ್ಡ್ ತರಹದ ಖಾಸಗಿ ಸುರಂಗ ಹಾಕಿ ದಾಟಬಹುದು. ಅದರ ಮೇಲೆ ಕರೆಂಟು ಹೋಗುವ ಊರುಗಳಲ್ಲಿ ಯುಪಿಎಸ್ ಬೇಕು, ಮೆಮೊರಿ ಕಾರ್ಡ್ ಸವೆಯುವುದನ್ನೂ ಗಮನದಲ್ಲಿಡಬೇಕು. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಬಾಡಿಗೆಗೆ ಸಿಗುವ ವಿಪಿಎಸ್ ಎಂಬ ವರ್ಚುವಲ್ ಸರ್ವರ್, ಅದಕ್ಕೊಂದು ಡೊಮೇನ್ ಹೆಸರು ಇದ್ದರೆ ಈ ತಲೆಬಿಸಿಗಳಿಲ್ಲ. ರಾಡಿಕೇಲ್‌ಗೆ ಅತಿ ಚಿಕ್ಕ ವಿಪಿಎಸ್ಸೂ ಸಾಲುತ್ತದೆ.

ಡೆಬಿಯನ್ ಅಥವಾ ಉಬುಂಟು ಇರುವ ಸರ್ವರಿನಲ್ಲಿ ಹಾಕುವುದು ಒಂದೇ ಆದೇಶದ ಕೆಲಸ: ಸುಡೊ ಆಪ್ಟ್ ಇನ್‌ಸ್ಟಾಲ್ ರಾಡಿಕೇಲ್. ಆಮೇಲೆ ನೋಡಬೇಕಾದದ್ದು ಕಾನ್ಫಿಗ್ ಫೈಲಿನ ಎರಡು ಭಾಗ. ಮೊದಲನೆಯದು ಪಾಸ್‌ವರ್ಡ್ ಭಾಗ. ಹಳೆಯ ಆವೃತ್ತಿಗಳು ಪಾಸ್‌ವರ್ಡ್ ಕೇಳದ ಸ್ಥಿತಿಯಲ್ಲೇ ಶುರುವಾಗುತ್ತಿದ್ದವು, ಹೊಸವು ಯಾರನ್ನೂ ಒಳಬಿಡದ ಸ್ಥಿತಿಯಲ್ಲಿ ಶುರುವಾಗುತ್ತವೆ. ನಿಮ್ಮದು ಯಾವುದೇ ಇರಲಿ, ಎಚ್‌ಟಿಪಾಸ್‌ವರ್ಡ್ ಫೈಲ್ ಮಾಡಿ ಬಿಕ್ರಿಪ್ಟ್ ವಿಧಾನದಲ್ಲಿ ಪ್ರತಿಯೊಬ್ಬರ ಪಾಸ್‌ವರ್ಡ್ ಇಟ್ಟು, ಕಾನ್ಫಿಗ್‌ನಲ್ಲಿ ಅದನ್ನು ಸೂಚಿಸಿ. ಎರಡನೆಯದು ರಾಡಿಕೇಲ್ ಎಲ್ಲಿಂದ ಬರುವ ಕರೆಗೆ ಓಗೊಡಬೇಕು ಎಂಬುದು. ಅದು 5232ನೇ ಪೋರ್ಟಿನಲ್ಲಿ, ಸರ್ವರಿನ ಒಳಗಿನಿಂದ ಬಂದ ಕರೆಗಳಿಗೆ ಮಾತ್ರ ಉತ್ತರಿಸುವಂತೆ ಇರುತ್ತದೆ. ಹಾಗೆಯೇ ಬಿಡಿ. ಹೊರಜಗತ್ತಿಗೆ ಮುಖ ಕೊಡಬೇಕಾದದ್ದು ಎಂಜಿನ್‌ಎಕ್ಸ್ ಅಥವಾ ಕ್ಯಾಡಿ ಎಂಬ ವೆಬ್ ಸರ್ವರ್. ಅದು ಎಚ್‌ಟಿಟಿಪಿಎಸ್ ಕರೆಗಳನ್ನು ಪಡೆದು ಒಳಗಿರುವ ರಾಡಿಕೇಲ್‌ಗೆ ದಾಟಿಸುತ್ತದೆ.

ಎಚ್‌ಟಿಟಿಪಿಎಸ್ ಇಲ್ಲದೆ ಒಂದು ದಿನವೂ ನಡೆಸಬೇಡಿ. ಕ್ಯಾಲ್‌ಡಾವ್‌ನಲ್ಲಿ ಪಾಸ್‌ವರ್ಡ್ ಪ್ರತಿ ಕರೆಯ ಜತೆಗೂ ಹೋಗುತ್ತದೆ. ಗೂಢಲಿಪಿ ಇಲ್ಲದಿದ್ದರೆ ರೈಲು ನಿಲ್ದಾಣದ ವೈಫೈನಲ್ಲಿ ಅದನ್ನು ಯಾರು ಬೇಕಾದರೂ ಹೆಕ್ಕಬಹುದು. ಹಿಂದೆ ಇದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿತ್ತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಎಲ್ಲರಿಗೂ ತೆರೆದ ಮೇಲೆ ಅದು ಉಚಿತವಾಯಿತು. ಆ ಪ್ರಮಾಣಪತ್ರಗಳ ಆಯಸ್ಸು ಚಿಕ್ಕದು, ಆಗಾಗ ನವೀಕರಿಸಬೇಕು. ಕ್ಯಾಡಿ ಅದನ್ನು ಹೇಳಿಸಿಕೊಳ್ಳದೆ ಮಾಡುತ್ತದೆ. ಎಂಜಿನ್‌ಎಕ್ಸ್ ಬಳಸುವವರು ಸರ್ಟ್‌ಬಾಟ್ ಎಂಬ ಸಾಧನ ಹಾಕಿ, ತಾನಾಗಿ ನವೀಕರಿಸುವ ವ್ಯವಸ್ಥೆ ನಿಜವಾಗಿ ಓಡುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕ್ಯಾಲೆಂಡರಿಗೆ ಪ್ರತ್ಯೇಕ ಉಪಡೊಮೇನ್ ಕೊಡುವುದು ಜಾಣತನ. ವೆಬ್‌ಸೈಟಿನ ಒಳಗಿನ ಫೋಲ್ಡರಾಗಿ ಇಟ್ಟರೆ ವಿಳಾಸಗಳ ಹೊಂದಾಣಿಕೆಗೇ ಅರ್ಧ ಸಂಜೆ ಹೋಗುತ್ತದೆ.

ಐಫೋನಿಗೆ ಕ್ಯಾಲ್‌ಡಾವ್ ಮೊದಲೇ ಗೊತ್ತು, ಸೆಟ್ಟಿಂಗ್ಸ್‌ನಲ್ಲಿ ಖಾತೆ ಸೇರಿಸಿದರೆ ಮುಗಿಯಿತು. ಆಂಡ್ರಾಯ್ಡ್‌ಗೆ ಗೊತ್ತಿಲ್ಲ. ಅದಕ್ಕೆ ಆಸ್ಟ್ರಿಯಾದ ಸಣ್ಣ ತಂಡವೊಂದು ಮಾಡಿರುವ ಡಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಅದು ಉಚಿತ, ಪ್ಲೇ ಸ್ಟೋರ್‌ನಲ್ಲಿ ಬೆಲೆ ಇದೆ. ಕೊಡಲಾಗುವವರು ಕೊಟ್ಟೇ ಕೊಂಡರೆ ಒಂದು ಒಳ್ಳೆಯ ಕೆಲಸ ಉಳಿಯುತ್ತದೆ. ಅದನ್ನು ಒಮ್ಮೆ ಜೋಡಿಸಿದರೆ ಫೋನಿನಲ್ಲಿರುವ ಬಹುಪಾಲು ಕ್ಯಾಲೆಂಡರ್ ಆ್ಯಪ್‌ಗಳು ನಿಮ್ಮ ಸರ್ವರಿನ ಕಾರ್ಯಕ್ರಮಗಳನ್ನು ತೋರಿಸುತ್ತವೆ, ಹಾಗಾಗಿ ಅಮ್ಮ ಅಪ್ಪಂದಿರಿಗೆ ಅಭ್ಯಾಸವಾದ ಪರದೆಯನ್ನು ಬದಲಿಸಬೇಕಿಲ್ಲ. ಮನೆಮಂದಿಯೆಲ್ಲ ಹಂಚಿಕೊಳ್ಳುವ ಕ್ಯಾಲೆಂಡರಿಗೆ ರಾಡಿಕೇಲ್‌ನ ಹಕ್ಕುಗಳ ಫೈಲಿನಲ್ಲಿ ನಿಯಮ ಬರೆಯಬಹುದು. ‘ಮನೆ’ ಎಂಬ ಹೆಸರಿನದೇ ಒಂದು ಬಳಕೆದಾರ ಖಾತೆ ಮಾಡಿ, ಅದನ್ನು ಎಲ್ಲರ ಫೋನಿಗೂ ಎರಡನೆಯ ಖಾತೆಯಾಗಿ ಸೇರಿಸುವುದು ಇನ್ನೂ ಸುಲಭ.

ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಸಮಯವಲಯದ ಪ್ರಶ್ನೆ ಬರುತ್ತದೆ. ನ್ಯೂಜೆರ್ಸಿಯ ಮಗಳು ಪ್ರತಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೈಸೂರಿಗೆ ವಿಡಿಯೊ ಕರೆ ಎಂದು ಹಾಕಿದರೆ ಚಳಿಗಾಲದಲ್ಲಿ ಅಮ್ಮನಿಗೆ ಅದು ಸಂಜೆ 7 ಗಂಟೆ. ಮಾರ್ಚಿನ ಎರಡನೆಯ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರದವರೆಗೆ ಅದೇ ಕರೆ ಇಲ್ಲಿ ಸಂಜೆ 6ಕ್ಕೇ ಬರುತ್ತದೆ. ಅಮ್ಮನೇ ಸಂಜೆ 7 ಎಂದು ಹಾಕಿದ್ದರೆ ಬದಲಾಗುವುದು ಮಗಳ ಬೆಳಗು, ಬೇಸಿಗೆಯಲ್ಲಿ ಅವಳಿಗೆ ಒಂಬತ್ತೂವರೆ. ಕಾರ್ಯಕ್ರಮದ ಜತೆ ಏಷ್ಯಾ/ಕೋಲ್ಕತಾ ಅಥವಾ ಅಮೆರಿಕಾ/ನ್ಯೂಯಾರ್ಕ್ ಎಂಬ ವಲಯದ ಹೆಸರು ಬರೆದಿರುವುದರಿಂದ ಆ್ಯಪ್‌ಗಳು ಇದನ್ನು ತಪ್ಪಿಲ್ಲದೆ ಲೆಕ್ಕ ಹಾಕುತ್ತವೆ. ಯಾರ ಗಡಿಯಾರ ಸ್ಥಿರವಾಗಿರಬೇಕು, ಸಂಜೆಯ ಪೂಜೆ ಇರುವ ಅಮ್ಮನದೋ ಕೆಲಸದ ಮಗಳದೋ ಎಂಬುದನ್ನು ಅವರೇ ಮಾತಾಡಿಕೊಂಡು, ಅದಕ್ಕೆ ತಕ್ಕವರು ಕಾರ್ಯಕ್ರಮ ಸೃಷ್ಟಿಸಬೇಕು.

ನಮ್ಮ ಮನೆಗಳ ಮಟ್ಟಿಗೆ ನಿಜವಾದ ಕಗ್ಗಂಟು ತಿಥಿ. ಐಕ್ಯಾಲೆಂಡರಿನಲ್ಲಿ ‘ಪ್ರತಿ ವರ್ಷ’ ಎಂದರೆ ಗ್ರೆಗೋರಿಯನ್ ವರ್ಷ. ಗಣೇಶ ಚತುರ್ಥಿ 2022ರಲ್ಲಿ ಆಗಸ್ಟ್ 31, 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಅಪ್ಪನ ಶ್ರಾದ್ಧವೂ ಹೀಗೆಯೇ ಓಡಾಡುತ್ತದೆ, ಅಧಿಕಮಾಸ ಬಂದ ವರ್ಷ ಇನ್ನೂ ದೂರ ಜಿಗಿಯುತ್ತದೆ. 2015ರಲ್ಲಿ ಆರ್‌ಎಫ್‌ಸಿ 7529 ಎಂಬ ವಿಸ್ತರಣೆ ಬಂತು. ಬೇರೆ ಕಾಲಗಣನೆಗಳಲ್ಲೂ ಪುನರಾವರ್ತನೆಯ ನಿಯಮ ಬರೆಯಲು ಅದು ಅವಕಾಶ ಕೊಟ್ಟಿತು. ಚೀನೀ ಹೊಸವರ್ಷ, ಯೆಹೂದಿ ಹಬ್ಬಗಳಿಗೆ ಅದರಿಂದ ಒಂದು ನೆಲೆ ಸಿಕ್ಕಿತು. ಆದರೆ ಅದು ಆಧಾರವಾಗಿಟ್ಟುಕೊಂಡ ಪಟ್ಟಿಯಲ್ಲಿ ‘ಇಂಡಿಯನ್’ ಎಂದಿರುವುದು 1957ರ ಮಾರ್ಚ್ 22ರಿಂದ ಸರ್ಕಾರ ಜಾರಿಗೆ ತಂದ ಶಕ ರಾಷ್ಟ್ರೀಯ ಪಂಚಾಂಗ. ಅದು ಸೂರ್ಯನನ್ನೇ ಅನುಸರಿಸುವುದು. ಅದರಲ್ಲಿ ತಿಥಿ ಇಲ್ಲ, ಅಧಿಕಮಾಸವಿಲ್ಲ. ಕೋಟ್ಯಂತರ ಜನ ದಿನವೂ ನೋಡುವ ಚಾಂದ್ರಮಾನ ಪಂಚಾಂಗಕ್ಕೆ ಈ ಮಾನಕದಲ್ಲಿ ಜಾಗವಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸ್ವಂತ ಕ್ಯಾಲೆಂಡರ್ ಇದ್ದವರು ಇದನ್ನು ತಾವೇ ತುಂಬಿಕೊಳ್ಳಬಹುದು. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದಾಗ ಹಿರಿಯರೊಬ್ಬರ ಜತೆ ಕೂತು ಆ ಸಂವತ್ಸರದ ಶ್ರಾದ್ಧ, ವ್ರತ, ಊರಹಬ್ಬ, ರಥೋತ್ಸವಗಳನ್ನು ‘ತಿಥಿ’ ಎಂಬ ಬೇರೆ ಕ್ಯಾಲೆಂಡರಿಗೆ ಏರಿಸಿ. ಒಂದೇ ಕಾರ್ಯಕ್ರಮಕ್ಕೆ ಬಿಡಿ ತಾರೀಖುಗಳ ಪಟ್ಟಿ ಅಂಟಿಸುವ ಆರ್‌ಡೇಟ್ ಎಂಬ ಸೌಲಭ್ಯ ಮಾನಕದಲ್ಲಿದೆ, ಆದರೆ ಎಲ್ಲ ಆ್ಯಪ್‌ಗಳೂ ಅದನ್ನು ಗೌರವಿಸುವುದಿಲ್ಲ. ವರ್ಷಕ್ಕೊಂದರಂತೆ ಬಿಡಿಬಿಡಿಯಾಗಿ ಹಾಕುವುದೇ ನಂಬಿಕೆಯ ದಾರಿ. ಇಡೀ ದಿನದ ಕಾರ್ಯಕ್ರಮವಾಗಿ ಹಾಕಿದರೆ ಸಮಯವಲಯ ಅಡ್ಡಬರುವುದಿಲ್ಲ. ಒಂಟಿಕೊಪ್ಪಲ್ ಪಂಚಾಂಗ ನೋಡುವ ಮನೆಗೂ ಮಠದ ಪಂಚಾಂಗ ನೋಡುವ ಮನೆಗೂ ಕೆಲವು ದಿನ ಹೊಂದದಿರಬಹುದು. ಅಂಗಡಿಯಲ್ಲಿ ಸಿಗುವ ಹಬ್ಬದ ಆ್ಯಪ್‌ಗಿಂತ ನಿಮ್ಮ ಮನೆಯ ಪಟ್ಟಿ ಮೇಲಾಗುವುದು ಇಲ್ಲಿಯೇ. ಅಮೆರಿಕದಲ್ಲಿರುವ ಮಗನಿಗೆ ಅದೇ ತಿಥಿ ಒಂದು ದಿನ ಮೊದಲೇ ಬೀಳಬಹುದು. ಅವನಿಗೆ ಅಲ್ಲಿನ ಪಂಚಾಂಗ ನೋಡಿ ಬೇರೆ ನಮೂದು ಮಾಡಬೇಕು.

ಇನ್ನು ನಡೆಸುವ ಮಾತು. ಡೆಬಿಯನ್‌ನಲ್ಲಿ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಹಾಕಿಕೊಳ್ಳುವಂತೆ ಇಡಿ. ಸರ್ವರಿನೊಳಗೆ ಹೋಗಲು ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಬಳಸಿ. ರಾಡಿಕೇಲ್‌ನ ಮುಖ್ಯ ಆವೃತ್ತಿ ಬದಲಾಗುವಾಗ ಮಾತ್ರ ಮುಂಚಿತವಾಗಿ ಓದಿಕೊಳ್ಳಬೇಕು. 1ರಿಂದ 2ಕ್ಕೆ ಹೋಗುವಾಗ ಅದರ ಸಂಗ್ರಹದ ರೀತಿಯೇ ಬದಲಾಗಿ, ಹಳೆಯದನ್ನು ರಫ್ತು ಮಾಡಿ ತರಬೇಕಾಗಿತ್ತು. ಬ್ಯಾಕಪ್ ವಿಷಯದಲ್ಲಿ ರಾಡಿಕೇಲ್ ಕೊಡುವ ಒಂದು ಅನುಕೂಲ ನನಗೆ ಬಹಳ ಇಷ್ಟ. ಪ್ರತಿ ಬದಲಾವಣೆಯ ನಂತರ ಒಂದು ಆದೇಶ ಓಡಿಸುವಂತೆ ಅದಕ್ಕೆ ಹೇಳಬಹುದು. ಅಲ್ಲಿ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶದ ಆದೇಶ ಬರೆದರೆ ಯಾರು ಯಾವಾಗ ಏನು ತಿದ್ದಿದರು ಎಂಬ ಪೂರ್ತಿ ಚರಿತ್ರೆ ಉಳಿಯುತ್ತದೆ. ಮೊಮ್ಮಗನ ಕೈಗೆ ಫೋನು ಸಿಕ್ಕಿ ಮದುವೆಯ ದಿನದ ನಮೂದೇ ಅಳಿಸಿಹೋದರೂ ಅದು ಹಿಂದಕ್ಕೆ ಬರುತ್ತದೆ. ಆದರೆ ಗಿಟ್ ಅದೇ ಸರ್ವರಿನಲ್ಲಿದ್ದರೆ ಬ್ಯಾಕಪ್ ಎನಿಸಿಕೊಳ್ಳದು. ದಿನಕ್ಕೊಮ್ಮೆ ಫೋಲ್ಡರಿನ ನಕಲು ಮನೆಯ ಕಂಪ್ಯೂಟರಿಗೆ ಬರಬೇಕು, ಆರು ತಿಂಗಳಿಗೊಮ್ಮೆ ಆ ನಕಲಿನಿಂದ ಖಾಲಿ ಜಾಗದಲ್ಲಿ ಕ್ಯಾಲೆಂಡರನ್ನು ಎಬ್ಬಿಸಿ ನೋಡಬೇಕು.

ಸಣ್ಣ ಸರ್ವರಿನ ಮಿತಿಗಳನ್ನು ಮುಚ್ಚಿಡಬಾರದು. ಸಭೆಗೆ ಹತ್ತು ಜನರನ್ನು ಕರೆದು, ಯಾರು ಒಪ್ಪಿದರು ಎಂದು ತಿಳಿಯುವ ಆಹ್ವಾನದ ಏರ್ಪಾಟಿನಲ್ಲಿ ಇವು ದುರ್ಬಲ. ಕಚೇರಿಗೆ ಅದೇ ಮುಖ್ಯವಾದರೆ ನೆಕ್ಸ್ಟ್‌ಕ್ಲೌಡ್ ಹೊರೆಯನ್ನು ಒಪ್ಪಿಕೊಳ್ಳುವುದೇ ಸರಿ. ಬದಲಾವಣೆ ಮಾಡಿದ ಕ್ಷಣಕ್ಕೇ ಎಲ್ಲರ ಫೋನಿನಲ್ಲೂ ಕಾಣುವುದಿಲ್ಲ, ಪ್ರತಿ ಫೋನು ತನ್ನ ಅವಧಿಗೊಮ್ಮೆ ಹೋಗಿ ಕೇಳಿ ತರುತ್ತದೆ. ಬಾಡಿಗೆ ಸರ್ವರಿನಲ್ಲಿ ಫೈಲುಗಳು ತೆರೆದ ಪಠ್ಯವಾಗಿಯೇ ಇರುವುದರಿಂದ ಆ ಯಂತ್ರದ ಮೇಲೆ ಹಿಡಿತವಿರುವವರಿಗೆ ಅವನ್ನು ಓದುವುದು ಅಸಾಧ್ಯವಲ್ಲ. ಅದೂ ಸಲ್ಲದು ಎನ್ನುವವರಿಗೆ ಫೋನಿನಲ್ಲೇ ಗೂಢಲಿಪಿಗೆ ಬದಲಿಸಿ ಕಳಿಸುವ ಈಟಿಸಿಂಕ್ ಇದೆ. ಇನ್ನೊಂದು ಎಚ್ಚರ ಕ್ಲಿನಿಕ್ಕು, ಕಚೇರಿಗಳವರಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತದ, ಮನೆಯ ಬಳಕೆಯನ್ನು ಹೊರಗಿಟ್ಟಿದೆ. ರೋಗಿಗಳ ಅಥವಾ ಕಕ್ಷಿದಾರರ ಹೆಸರು ಇರುವ ಕ್ಯಾಲೆಂಡರ್ ಮನೆಯ ಬಳಕೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಮನೆಯಲ್ಲಿ ಇನ್ನೊಬ್ಬರಿಗೆ ಇದನ್ನು ಕಲಿಸಬೇಕು. ಸ್ವಂತ ಸರ್ವರುಗಳು ಸಾಯುವುದು ಹೆಚ್ಚಾಗಿ ಅದನ್ನು ಬಲ್ಲ ಒಬ್ಬರು ಕಾಯಿಲೆ ಬಿದ್ದಾಗ, ಊರು ಬಿಟ್ಟಾಗ, ತೀರಿಕೊಂಡಾಗ. ವಿಪಿಎಸ್ ಯಾರ ಹತ್ತಿರ ಕೊಂಡದ್ದು, ಡೊಮೇನ್ ಯಾವ ಖಾತೆಯಲ್ಲಿದೆ, ಬ್ಯಾಕಪ್ ಎಲ್ಲಿದೆ, ಸರ್ವರ್ ಬೇಡವೆನಿಸಿದರೆ ಐಸಿಎಸ್ ಫೈಲುಗಳನ್ನು ಯಾವುದೇ ಬೇರೆ ಸೇವೆಗೆ ಹೇಗೆ ಏರಿಸುವುದು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಪತ್ರಗಳ ಜತೆ ಇಡಿ. ಡೊಮೇನ್ ಮತ್ತು ವಿಪಿಎಸ್ ನವೀಕರಣದ ತಾರೀಖುಗಳನ್ನು ‘ಮನೆ’ ಕ್ಯಾಲೆಂಡರಿಗೇ ಸೇರಿಸಿ, ಎರಡು ವಾರ ಮುಂಚೆ ಇಬ್ಬರ ಫೋನಿಗೂ ರಿಮೈಂಡರ್ ಬರುವಂತೆ ಮಾಡಿ.